ಶ್ರಾವಣವಿಲ್ಲದ ಆಷಾಢ

ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಆಷಾಢದಲ್ಲಿ ತವರಿಗೆ ಕರೆತರುವ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಆ ತಿಂಗಳು ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಎಂದು ಹಿರಿಯರು ಕಾರಣ ಹೇಳುತ್ತಾರೆ. ಕಾರಣ ಏನೇ ಇರಲಿ, ಆ ಅಗಲಿಕೆಯನ್ನು ಯಾರೂ ಶಿಕ್ಷೆಯೆಂದು ತಿಳಿಯಲಿಲ್ಲ. ಅದು ಮುಗಿಯುವ ದಿನ ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ಭೀಮನ ಅಮಾವಾಸ್ಯೆ ಬಂತೆಂದರೆ ಆಷಾಢ ತೀರಿತು, ಮರುದಿನ ಶ್ರಾವಣ. ಕಾಳಿದಾಸನ ಯಕ್ಷ ಪಟ್ಟದ್ದು ನಿಜವಾದ ಶಿಕ್ಷೆ, ಆದರೆ ಕುಬೇರನ ಆ ಶಾಪಕ್ಕೂ ಒಂದು ವರ್ಷದ ಗಡುವಿತ್ತು. ವೀಸಾದ ದೆಸೆಯಿಂದ ಬೇರೆ ಬೇರೆ ಖಂಡಗಳಲ್ಲಿ ದಿನ ನೂಕುತ್ತಿರುವ ಇವತ್ತಿನ ಗಂಡಹೆಂಡಿರಿಗೆ ಸಿಗದಿರುವುದು ಈ ಗಡುವು. ಅವರ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಕೇಳಬಹುದು, ಮೇಲಿನವರ ಬಳಿ ಹೋಗಬಹುದು. ತಿರಸ್ಕರಿಸದೆ ಸುಮ್ಮನೆ ಕಾಯಿಸಿದರೆ? ಆಗ ಯಾರೂ ಏನನ್ನೂ ತೀರ್ಮಾನಿಸಿಲ್ಲ ಎಂದಾಗುತ್ತದೆ, ಹಾಗಾಗಿ ಯಾರೂ ಉತ್ತರ ಕೊಡಬೇಕಾಗಿಲ್ಲ. ಆದರೆ ಎರಡು ವರ್ಷ, ಮೂರು ವರ್ಷ ಕಾಯಿಸುವುದೂ ತೀರ್ಮಾನವೇ. ತಿರಸ್ಕಾರಕ್ಕೆ ಎಷ್ಟು ಹೊಣೆಯಿದೆಯೋ ವಿಳಂಬಕ್ಕೂ ಅಷ್ಟೇ ಹೊಣೆ ಇರಬೇಕೆಂಬುದು ನನ್ನ ವಾದ.

ಅಮೆರಿಕದ ಕಾನೂನಿನಲ್ಲಿರುವ ಒಂದು ವಿಚಿತ್ರವನ್ನು ಮೊದಲು ನೋಡಬೇಕು, ಏಕೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಿಗೆ ಇದರ ಬಿಸಿ ತಟ್ಟಿದೆ. ಎಚ್-1ಬಿ ವೀಸಾದ ಮೇಲೆ ದುಡಿಯಲು ಹೋದವನು ಕಾನೂನಿನ ಕಣ್ಣಿನಲ್ಲಿ ತಾತ್ಕಾಲಿಕ ನೌಕರ. ಅವನು ಊರಿಗೆ ಬಂದು ಮದುವೆಯಾದರೆ ಹೆಂಡತಿಗೆ ಎಚ್-4 ಸಿಗುತ್ತದೆ. ಅದಕ್ಕೆ ವಾರ್ಷಿಕ ಮಿತಿಯಿಲ್ಲ. ಅದೇ ಮನುಷ್ಯನಿಗೆ ವರ್ಷಗಟ್ಟಲೆ ಕಾದ ಮೇಲೆ ಗ್ರೀನ್ ಕಾರ್ಡ್ ಬಂತೆನ್ನಿ. ಆ ದೇಶ ಅವನನ್ನು ಕಾಯಂ ನಿವಾಸಿಯೆಂದು ಒಪ್ಪಿತು. ಅನಂತರ ಮದುವೆಯಾದರೆ ಅವನ ಹೆಂಡತಿ ಸೇರುವುದು ಎಫ್2ಎ ಎಂಬ ಸಾಲಿಗೆ. ಗಂಡ, ಹೆಂಡತಿ, ಇಪ್ಪತ್ತೊಂದು ತುಂಬದ ಮಕ್ಕಳು, ಎಲ್ಲರೂ ಸೇರಿ ಇಡೀ ಜಗತ್ತಿಗೆ ಈ ಸಾಲಿನಲ್ಲಿ ವರ್ಷಕ್ಕೆ ಸುಮಾರು 88 ಸಾವಿರ ವೀಸಾ. ಅಂದರೆ ಆ ದೇಶದ ಜೊತೆ ನಂಟು ಗಟ್ಟಿಯಾದಷ್ಟೂ ಹೆಂಡತಿ ದೂರವಾಗುತ್ತಾಳೆ. ಗ್ರೀನ್ ಕಾರ್ಡ್ ಕೈಗೆ ಬರುವ ಮುಂಚೆ ಮದುವೆ ಮುಗಿಸಿಬಿಡಿ ಎಂದು ಬಲ್ಲವರು ಬುದ್ಧಿ ಹೇಳುವುದು ಇದಕ್ಕೇ. ಮುಹೂರ್ತವನ್ನು ಜಾತಕದ ಬದಲು ವೀಸಾ ಬುಲೆಟಿನ್ ನೋಡಿ ಇಡಬೇಕಾದ ಸ್ಥಿತಿ ಯಾವ ದೇಶಕ್ಕೂ ಗೌರವ ತರುವಂಥದ್ದಲ್ಲ. ಕಾಯುವ ಅವಧಿಯಲ್ಲಿ ಹೆಂಡತಿ ನಾಲ್ಕು ವಾರ ಬಂದು ಗಂಡನನ್ನು ನೋಡಿ ಹೋಗುತ್ತೇನೆಂದರೂ ಕಷ್ಟ: ಕಾಯಂ ವಾಸಕ್ಕೆ ಅರ್ಜಿ ಹಾಕಿದವಳು ಹಿಂತಿರುಗಲಾರಳೆಂಬ ಅನುಮಾನದಿಂದ ಪ್ರವಾಸಿ ವೀಸಾ ಕೈತಪ್ಪುತ್ತದೆ. ಅವನೇ ಬಂದು ಅವಳ ಜೊತೆ ಇರೋಣವೆಂದರೆ, ಹೆಚ್ಚು ಕಾಲ ಹೊರಗಿದ್ದವನ ಗ್ರೀನ್ ಕಾರ್ಡಿಗೇ ಕುತ್ತು. ಹೀಗೆ ಬಾಗಿಲು ಎರಡು ಕಡೆಯಿಂದಲೂ ಮುಚ್ಚಿಕೊಳ್ಳುತ್ತದೆ.

ಈ ಸಾಲು ಒಂದು ಕಾಲಕ್ಕೆ ಖಾಲಿಯೂ ಆಗಿತ್ತು. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಎಫ್2ಎಗೆ ಕಾಯುವ ತಾರೀಖೇ ಇರಲಿಲ್ಲ. ಆದರೆ ಆ ಸುಸಮಯದ ನಡುವೆಯೇ, 2020ರ ಏಪ್ರಿಲ್‌ನಲ್ಲಿ, ಉದ್ಯೋಗ ಮಾರುಕಟ್ಟೆಯನ್ನು ಕಾಪಾಡುವ ಹೆಸರಿನಲ್ಲಿ, ಕಾಯಂ ವಾಸಕ್ಕೆ ಹೊಸದಾಗಿ ಬರುವವರನ್ನು ತಡೆಯುವ ಅಮೆರಿಕದ ಅಧ್ಯಕ್ಷರ ಘೋಷಣೆಯೊಂದು ಹೊರಬಿತ್ತು. ಪ್ರಜೆಗಳ ಗಂಡಹೆಂಡಿರಿಗೆ ವಿನಾಯಿತಿ ಸಿಕ್ಕಿತು, ಗ್ರೀನ್ ಕಾರ್ಡ್ ಇದ್ದವರ ಗಂಡಹೆಂಡಿರಿಗೆ ಸಿಗಲಿಲ್ಲ. 2021ರ ಫೆಬ್ರುವರಿಯಲ್ಲಿ ಅದು ರದ್ದಾಗುವವರೆಗೂ ಹಾಗೇ ಉಳಿಯಿತು. 2020ರ ಜೂನ್‌ನಲ್ಲಿ ಬಂದ ಎರಡನೆಯ ಘೋಷಣೆ ಎಚ್-1ಬಿ, ಎಚ್-4ಗಳನ್ನೂ ತಡೆಯಿತು. 2021ರ ಮೇ 4ರಿಂದ ನವೆಂಬರ್ 8ರವರೆಗೆ ಭಾರತದಿಂದ ಹೋಗುವವರ ಮೇಲೆ ಬೇರೆಯೇ ನಿರ್ಬಂಧವಿತ್ತು. ಕೋವಿಡ್‌ನ ಎರಡನೇ ಅಲೆಯಲ್ಲಿ ಹಾಸಿಗೆ ಹಿಡಿದ ತಂದೆತಾಯಿಯನ್ನು ನೋಡಲು ಬಂದು, ಹೆಂಡತಿ ಮಕ್ಕಳನ್ನು ಅಲ್ಲಿ ಬಿಟ್ಟು ಇಲ್ಲಿ ಸಿಕ್ಕಿಕೊಂಡವರು ಅನೇಕರು. ಸೋಂಕು ತಡೆಯುವುದು ಸರ್ಕಾರದ ಕರ್ತವ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ಪರೀಕ್ಷೆ, ಕ್ವಾರಂಟೈನ್ ಎಂಬ ದಾರಿಗಳಿದ್ದವು, ಮತ್ತು ಅಮೆರಿಕದ ಪ್ರಜೆಗಳಿಗೆ ಅದೇ ಬೆಂಗಳೂರಿನಿಂದ ಹೊರಡಲು ಅಡ್ಡಿಯಿರಲಿಲ್ಲ. ವೈರಾಣು ಪಾಸ್‌ಪೋರ್ಟಿನ ಬಣ್ಣ ನೋಡುವುದಿಲ್ಲ. ಸಾಂಕ್ರಾಮಿಕ ಮುಗಿದ ಮೇಲೂ ಕಥೆ ಮುಗಿಯಲಿಲ್ಲ. 2004ರವರೆಗೆ ಅಮೆರಿಕದೊಳಗೇ ವೀಸಾ ನವೀಕರಿಸಿಕೊಳ್ಳಬಹುದಿತ್ತು. ಆಮೇಲೆ ಸ್ಟ್ಯಾಂಪಿಂಗ್‌ಗೆ ದೇಶ ಬಿಟ್ಟು ಬರಲೇಬೇಕಾಯಿತು. 2024ರಲ್ಲಿ ಇಪ್ಪತ್ತು ಸಾವಿರ ಮಂದಿಗೆ ಪ್ರಾಯೋಗಿಕವಾಗಿ ಆ ಹಳೆಯ ಅನುಕೂಲ ಕೊಟ್ಟರು, ಆದರೆ ನೌಕರನಿಗೆ ಮಾತ್ರ, ಎಚ್-4 ಹೆಂಡತಿಗೆ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲಿಸುವ ನಿಯಮ ಬಂದಾಗ ಭಾರತದಲ್ಲಿ ಗೊತ್ತಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಸಂದರ್ಶನ ಮುಗಿದವರಿಗೂ 221-ಜಿ ಎಂಬ ಚೀಟಿ ಸಿಗಬಹುದು. ಅದು ಕಾಗದದಲ್ಲಿ ತಿರಸ್ಕಾರ, ಮಾತಿನಲ್ಲಿ 'ಪರಿಶೀಲನೆಯಲ್ಲಿದೆ'. ಎಷ್ಟು ದಿನ ಎಂದರೆ ಕೌಂಟರಿನಲ್ಲಿ ಕೂತವರೂ ಹೇಳಲಾರರು.

ಇವೆಲ್ಲ ದೊಡ್ಡ ಯಂತ್ರದ ಅಡ್ಡಪರಿಣಾಮ, ಯಾರೂ ಬೇಕೆಂದು ಗಂಡಹೆಂಡಿರನ್ನು ಅಗಲಿಸುತ್ತಿಲ್ಲ ಎನ್ನುವವರಿದ್ದಾರೆ. ಇತಿಹಾಸ ಅಷ್ಟು ನಿರಾಳವಾಗಿ ಒಪ್ಪುವುದಿಲ್ಲ. ಕೆನಡಾ 1908ರಲ್ಲಿ ಮಾಡಿದ ನಿಯಮದಲ್ಲಿ ಭಾರತೀಯರ ಹೆಸರಿಲ್ಲ, ಹೆಂಡತಿಯರ ಮಾತಂತೂ ಇಲ್ಲವೇ ಇಲ್ಲ. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎಂದಿತು. ಭಾರತದಿಂದ ಹಾಗೆ ನೇರ ಹೋಗುವ ಹಡಗಿನ ಟಿಕೆಟ್ಟೇ ಸಿಗುತ್ತಿರಲಿಲ್ಲ. ಅಲ್ಲಿ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಗಂಡಸರಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಅನುಮತಿ ದೊರೆತದ್ದು 1919ರಲ್ಲಿ. ದಕ್ಷಿಣ ಆಫ್ರಿಕದಲ್ಲಿ ನಡೆದದ್ದು ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ನೆಲೆಸಿದ್ದ ಭಾರತೀಯನೊಬ್ಬನ ಹೆಂಡತಿಯನ್ನು ಒಳಗೆ ಬಿಡದೆ ತಡೆದರು. 1913ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಸರ್ಲ್, ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಒಪ್ಪುವ ಧರ್ಮಗಳ ವಿಧಿಯಲ್ಲಿ ನಡೆದ ಮದುವೆ ಆ ನೆಲದ ಕಾನೂನಿಗೆ ಮದುವೆಯಲ್ಲ ಎಂಬರ್ಥದ ತೀರ್ಪು ಕೊಟ್ಟರು. ಒಂದೇ ತೀರ್ಪಿನಿಂದ ಸಾವಿರಾರು ಹೆಣ್ಣುಮಕ್ಕಳು ಹೆಂಡತಿಯೆಂಬ ಸ್ಥಾನ ಕಳೆದುಕೊಂಡರು. ಕಸ್ತೂರಬಾ ಮೊದಲ ಸಲ ಸತ್ಯಾಗ್ರಹಿಯಾಗಿ ಸೆರೆಮನೆಗೆ ಹೋದದ್ದು ಆ ವರ್ಷವೇ, ಮೂರು ತಿಂಗಳ ಕಠಿಣ ಶಿಕ್ಷೆಗೆ. ಮರುವರ್ಷ ಕಾನೂನು ಬದಲಾಯಿತು. ಗಡಿಯಲ್ಲಿ ತಡೆದ ಹೆಂಡತಿಯ ಪ್ರಶ್ನೆ ಖಾಸಗಿ ಸಂಕಟವೆಂದು ಅವರು ತಿಳಿದಿದ್ದರೆ ಬದಲಾಗುತ್ತಿರಲಿಲ್ಲ.

ಮದುವೆಯ ಹೆಸರಿನಲ್ಲಿ ಮೋಸ ನಡೆಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಕಾಗದದ ಮದುವೆಗಳು ನಡೆಯುತ್ತವೆ, ಅವುಗಳಿಂದ ಹೆಚ್ಚು ನೊಂದವರು ಮೋಸಹೋದ ಹೆಣ್ಣುಮಕ್ಕಳೇ. ಆದರೆ ಮೋಸ ಹಿಡಿಯುವುದಕ್ಕೂ ಅಗಲಿಸಿಡುವುದಕ್ಕೂ ಏನು ಸಂಬಂಧ? ಅಮೆರಿಕ 1986ರಲ್ಲೇ ಒಂದು ಉಪಾಯ ಮಾಡಿಕೊಂಡಿದೆ: ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಷರತ್ತಿನ ವಾಸದ ಪರವಾನಗಿ ಕೊಟ್ಟು, ಎರಡು ವರ್ಷದ ಬಳಿಕ ಸಂಸಾರ ನಿಜವೇ ಎಂದು ಮತ್ತೆ ನೋಡುತ್ತದೆ. ಒಟ್ಟಿಗೆ ಬಾಳಿ ತೋರಿಸಲು ಬಿಡುವ ಈ ಪರೀಕ್ಷೆ ನ್ಯಾಯವಾದದ್ದು. ಒಟ್ಟಿಗಿರಲು ಬಿಡದೆ, ಒಟ್ಟಿಗಿದ್ದ ಫೋಟೊ, ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು ತನ್ನಿ ಎನ್ನುವುದು ನ್ಯಾಯವಲ್ಲ. ಅನುಮಾನವೇ ನಿಯಮವಾದರೆ ಏನಾಗುತ್ತದೆಂದು ಬ್ರಿಟನ್ 1980ರ ದಶಕದಲ್ಲಿ ತೋರಿಸಿತು. ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ ಎಂದು ಅರ್ಜಿದಾರನೇ ರುಜುವಾತು ಮಾಡಬೇಕಿತ್ತು. ಮನಸ್ಸಿನಲ್ಲಿ ಇಲ್ಲದ್ದನ್ನು ಇಲ್ಲವೆಂದು ತೋರಿಸುವುದು ಹೇಗೆ? ಹಿರಿಯರು ನೋಡಿ ಮಾಡಿದ ಮದುವೆಯೇ ಅಧಿಕಾರಿಗಳಿಗೆ ಸಂಶಯಾಸ್ಪದವಾಗಿ ಕಂಡಿತು, ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಭಾರತ ಉಪಖಂಡದ ಗಂಡಂದಿರು. 1985ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಹೆಂಡತಿಯರಿಗೆ ಸುಲಭ, ಗಂಡಂದಿರಿಗೆ ಕಷ್ಟ ಎನ್ನುವ ತಾರತಮ್ಯ ತಪ್ಪೆಂದಿತು. ಬ್ರಿಟನ್ ಗಂಡಂದಿರ ದಾರಿ ಸಲೀಸು ಮಾಡಲಿಲ್ಲ. ಹೆಂಡತಿಯರ ದಾರಿಯನ್ನೂ ಅಷ್ಟೇ ಕಷ್ಟಮಾಡಿತು. 1997ರಲ್ಲಿ ಆ ಮುಖ್ಯ ಉದ್ದೇಶದ ನಿಯಮ ಹೋಯಿತು. ಈಗ ಅದರ ಜಾಗದಲ್ಲಿ ವರಮಾನದ ಗೋಡೆಯಿದೆ, 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಇದ್ದದ್ದು 2024ರಲ್ಲಿ 29,000 ಆಯಿತು. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಪ್ರಾಮಾಣಿಕವಾಗಿ ದುಡಿಯುವ ಎಷ್ಟೋ ಜನರ ಸಂಬಳ ಅಷ್ಟು ಮುಟ್ಟುವುದಿಲ್ಲ.

ಯಾರನ್ನು ಒಳಗೆ ಬಿಡಬೇಕೆಂಬುದು ಪ್ರತಿ ದೇಶದ ಹಕ್ಕು ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಲಾಸ್ ಏಂಜಲಿಸ್‌ನ ವಕೀಲೆ ಸಾಂಡ್ರಾ ಮುನ್ಯೋಸ್ ಅವರ ಮೊಕದ್ದಮೆಯಲ್ಲಿ, ವಿದೇಶಿ ಗಂಡನನ್ನು ದೇಶದೊಳಗೆ ಬಿಡಿಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಬಹುಮತದಿಂದ ಹೇಳಿತು. ನನಗೆ ಆ ತೀರ್ಪು ದುಃಖದ್ದೆನಿಸುತ್ತದೆ. ಅದನ್ನು ಪೂರ್ತಿ ಒಪ್ಪಿಕೊಂಡರೂ, ಇಂತಿಷ್ಟು ದಿನದಲ್ಲಿ ಹೌದೋ ಅಲ್ಲವೋ ಹೇಳಿ ಎನ್ನುವುದರಿಂದ ಸಾರ್ವಭೌಮತ್ವಕ್ಕೆ ಏನೂ ಊನವಿಲ್ಲ. ಐರೋಪ್ಯ ಒಕ್ಕೂಟದ 2003ರ ನಿರ್ದೇಶನ ಕುಟುಂಬದ ಅರ್ಜಿಗೆ ಒಂಬತ್ತು ತಿಂಗಳೊಳಗೆ ಉತ್ತರ ಕೊಡಬೇಕೆನ್ನುತ್ತದೆ. ತೊಡಕಿನ ಪ್ರಕರಣಗಳಲ್ಲಷ್ಟೇ ಅದನ್ನು ಮೀರಬಹುದು. ಅದಕ್ಕೆ ಬದ್ಧವಾದ ದೇಶಗಳ ಗಡಿ ಇದರಿಂದ ಅಳಿಸಿಹೋಗಿಲ್ಲ. ಹೊರಗಿನವರಿಗೆ ಬುದ್ಧಿ ಹೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಭಾರತೀಯರನ್ನು ಮದುವೆಯಾದ ವಿದೇಶಿಯರು ಒಸಿಐ ಕಾರ್ಡ್ ಕೇಳುವ ಮುನ್ನ ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿರಬೇಕು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಘೋರ ಹತ್ಯೆಗಳ ನಂತರ ಪಾಕಿಸ್ತಾನದವರ ವೀಸಾಗಳು ರದ್ದಾಗಿ ಅಟ್ಟಾರಿ ಗಡಿ ಮುಚ್ಚಿದಾಗ, ಒಂದು ಪಾಸ್‌ಪೋರ್ಟಿನ ತಾಯಿ ಈಚೆಗೆ, ಇನ್ನೊಂದರ ಮಕ್ಕಳು ಆಚೆಗೆ ಎಂದು ಕುಟುಂಬಗಳು ಒಡೆದವು. ನಮ್ಮ ಭಟ್ಕಳದಲ್ಲೂ ಆ ದೇಶದಿಂದ ಸೊಸೆಯಾಗಿ ಬಂದವರಿದ್ದಾರೆ. ದೀರ್ಘಾವಧಿ ವೀಸಾಕ್ಕೆ ವಿನಾಯಿತಿ ಇದ್ದುದರಿಂದ ಅಂಥವರ ಸಂಸಾರ ಉಳಿಯಿತು. ದುಷ್ಕೃತ್ಯಕ್ಕೆ ಕಠಿಣ ಉತ್ತರ ಕೊಡುತ್ತಲೇ ಸಂಸಾರವನ್ನು ಬೇರೆಯಾಗಿ ಕಾಣಬಹುದೆಂಬುದಕ್ಕೆ ಆ ವಿನಾಯಿತಿಯೇ ಸಾಕ್ಷಿ.

ಕಾಯಬೇಕಾದೀತೆಂದು ಗೊತ್ತಿದ್ದೇ ಮದುವೆಯಾದರಲ್ಲ ಎಂಬ ಮಾತೂ ಕೇಳಿಬರುತ್ತದೆ. ಅವರಿಗೆ ಗೊತ್ತಿದ್ದದ್ದು ಮದುವೆಯ ದಿನ ಜಾರಿಯಲ್ಲಿದ್ದ ನಿಯಮ. ಆಮೇಲೆ ಬರುವ ಘೋಷಣೆಗಳನ್ನು ಯಾರು ತಾನೇ ಊಹಿಸಿಯಾರು? ವಿಡಿಯೊ ಕಾಲ್ ಇದೆಯಲ್ಲ ಎನ್ನುವವರು ಬಸುರಿಯ ಏಳನೇ ತಿಂಗಳನ್ನು ಪರದೆಯ ಮೇಲೆ ನೋಡಿದವರನ್ನು ಕೇಳಬೇಕು. ಪರಿಹಾರ ಹೊಸದಾಗಿ ಹುಡುಕಬೇಕಾದದ್ದೂ ಅಲ್ಲ. 2000ದ ಡಿಸೆಂಬರ್ 21ರಂದು ಅಮೆರಿಕದಲ್ಲಿ ಜಾರಿಯಾದ ಕಾಯ್ದೆ ವಿ ವೀಸಾ ಎಂಬುದೊಂದನ್ನು ತಂದಿತು. ಗ್ರೀನ್ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿ ಮೂರು ವರ್ಷ ಕಾದಿದ್ದರೆ, ಉಳಿದದ್ದನ್ನು ಅಮೆರಿಕಕ್ಕೇ ಬಂದು, ಕೆಲಸವನ್ನೂ ಮಾಡುತ್ತಾ, ಜೊತೆಯಲ್ಲೇ ಕಾಯಬಹುದಿತ್ತು. ಸಾಲು ತಪ್ಪಿಸಿದಂತಾಗಲಿಲ್ಲ, ಯಾರ ಸರದಿಯನ್ನೂ ಕಿತ್ತುಕೊಂಡಂತಾಗಲಿಲ್ಲ. ಆದರೆ ಆ ದಿನದೊಳಗೆ ಅರ್ಜಿ ಸಲ್ಲಿಸಿದ್ದವರಿಗೆ ಮಾತ್ರ ಎಂದು ಕಾಯ್ದೆ ಗೆರೆ ಎಳೆಯಿತು. ಆ ಕಲಮು ಇವತ್ತಿಗೂ ಪುಸ್ತಕದಲ್ಲಿದೆ. ಬದಲಿಸಬೇಕಾದದ್ದು ಅದರಲ್ಲಿರುವ ತಾರೀಖನ್ನು.