ಎಲೆಯ ಮೇಲಿನ ಬಿಳುಪು

ಹಾಸನ ಜಿಲ್ಲೆಯ ಒಂದು ಊರಿನಲ್ಲಿ, ಬಸದಿಯ ಮಗ್ಗುಲಲ್ಲೇ ನಿವೃತ್ತ ಶಿಕ್ಷಕರೊಬ್ಬರ ಮನೆಯಿದೆ. ಮನೆಯ ಮುಂದಿನ ದಾಸವಾಳದ ಬೇಲಿಯನ್ನು ನೆಟ್ಟು ಬೆಳೆಸಿದವರು ಅವರ ದಿವಂಗತ ಪತ್ನಿ. ಒಂದು ಫಾಲ್ಗುಣದಲ್ಲಿ ಆ ಗಿಡಗಳ ಚಿಗುರು ಮುರುಟಿ, ಕೊಂಬೆಗಳ ಸಂದುಗಳಲ್ಲಿ ಸುಣ್ಣ ಬಳಿದಂತೆ ಬಿಳುಪು ಕಾಣಿಸಿಕೊಂಡಿತು. ಪತ್ನಿಯ ಕೈಯ ಗಿಡ ಕೆಡುವುದನ್ನು ಕಾಣಲಾರದೆ ಅವರು ಪೇಟೆಗೆ ಹೋಗಿ, ಅಂಗಡಿಯವನು ಕೊಟ್ಟ ಕೀಟನಾಶಕವನ್ನು ತಂದು ಎರಡು ಸಲ ಸಿಂಪಡಿಸಿದರು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ನೀರನ್ನು ಸೋಸದೆ ಕುಡಿಯದ ಶ್ರಾವಕರು ಅವರು. ಆದರೆ ಅಂದು ಗಿಡದ ಬಳಿ ಬಾಗಿ ನೋಡಲಿಲ್ಲ.

ಬಿಳುಪು ಹೋಯಿತು, ತಿಂಗಳೊಳಗೆ ಇಮ್ಮಡಿಯಾಗಿ ಮರಳಿತು.

ಯುಗಾದಿಗೆ ಬಂದ ಮಗಳು ಕೃಷಿ ಶಾಸ್ತ್ರ ಓದಿದವಳು. ಬಿಳುಪೆಲ್ಲವೂ ಒಂದೇ ಅಲ್ಲವೆಂದು ಆಕೆ ತಂದೆಗೆ ತಿಳಿಸಿದಳು. ಎಲೆಯ ಮೇಲೆ ನೀರಹನಿ ಒಣಗಿದ ಆಕಾರದಲ್ಲಿ ಕಲೆಯಿದ್ದರೆ ಅದು ಕೊಳವೆಬಾವಿಯ ಗಡಸುನೀರಿನ ಲವಣ. ಅದಕ್ಕೆ ಔಷಧಿಯೇ ಬೇಡ. ನೀರನ್ನು ಎಲೆಗೆ ಚಿಮುಕಿಸದೆ ಬುಡಕ್ಕೆ ಉಣಿಸಿದರೆ ಸಾಕು. ಹಿಟ್ಟು ಉದುರಿಸಿದಂತೆ ಎಲೆಯ ಮೇಲೆ ತೆಳುವಾಗಿ ಹರಡಿ, ಬೆರಳಿಗೆ ಪುಡಿಯಾಗಿ ಅಂಟಿದರೆ ಅದು ಶಿಲೀಂಧ್ರದಿಂದ ಬರುವ ಬೂದಿರೋಗ. ಒತ್ತಾದ ಕೊಂಬೆಗಳನ್ನು ಸವರಿ ಗಾಳಿ ಬೆಳಕು ಬಿಟ್ಟರೆ ಅದರ ಬಲ ಕುಗ್ಗುತ್ತದೆ. ಸಂದುಗಳಲ್ಲಿ ಹತ್ತಿಯಂತೆ ಗಂಟುಗಟ್ಟಿ, ಸುತ್ತ ಅಂಟು ರಸವೂ ಇರುವೆಗಳ ಸಾಲೂ ಇದ್ದರೆ ಅದು ಹಿಟ್ಟು ತಿಗಣೆ. ಅದು ಗಿಡದ ರಸ ಹೀರಿ ಸಿಹಿದ್ರವ ಸ್ರವಿಸುತ್ತದೆ. ಆ ಸಿಹಿಗಾಗಿ ಇರುವೆಗಳು ಶತ್ರುಗಳಿಂದ ಅದನ್ನು ಕಾಯುತ್ತವೆ.

ದಾಸವಾಳಕ್ಕೆ ಬಂದದ್ದು ಈ ಮೂರನೆಯದು. ಭೂತಗನ್ನಡಿಯ ಕೆಳಗೆ ಅದನ್ನು ತೋರಿಸುತ್ತಿದ್ದ ಮಗಳು, ತಿಗಣೆಗಳ ನಡುವೆ ಚುರುಕಾಗಿ ಹರಿದಾಡುತ್ತಿದ್ದ ಇನ್ನೊಂದು ಬಿಳಿಯ ಹುಳುವಿನತ್ತ ಬೆರಳು ಮಾಡಿದಳು. ಮೈತುಂಬ ಮೇಣದ ಎಳೆಗಳಿದ್ದ ಅದು ತಿಗಣೆಯಂತೆಯೇ ಕಾಣುತ್ತಿತ್ತು. ಆದರೆ ಅದು ತಿಗಣೆಯನ್ನು ತಿಂದು ಬದುಕುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಾಫಿ ತೋಟಗಳ ಕೀಟಬಾಧೆಗೆಂದು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತಂದ ಜಾತಿ.

"ಅಪ್ಪಾ, ಔಷಧಿ ಹೊಡೆಯುವ ಮುಂಚೆ ಯಾವುದು ಯಾವುದೆಂದು ನೋಡಿದ್ದಿರಾ?" ಎಂದು ಆಕೆ ಕೇಳಿದಳು. ಅವರು ಉತ್ತರಿಸಲಿಲ್ಲ. ಮೇಣದ ಹೊದಿಕೆಯೊಳಗಿನ ತಿಗಣೆಯ ಮೊಟ್ಟೆಗಳು ವಿಷಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಅವನ್ನು ಹದ್ದಿನಲ್ಲಿಡುತ್ತಿದ್ದ ಜೀವಗಳು ಮೊದಲು ಸಾಯುತ್ತವೆ. ಬಿಳುಪು ಇಮ್ಮಡಿಯಾದ ಕಾರಣ ಅವರಿಗೆ ತಿಳಿಯಿತು.

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದೆಂಬುದನ್ನು ಆಚಾರ್ಯರು ಬಲ್ಲರು. ಅಡುಗೆಯಲ್ಲಿ, ಉಳುಮೆಯಲ್ಲಿ, ಗಿಡದ ಆರೈಕೆಯಲ್ಲಿ ಅದು ಇದ್ದೇ ಇದೆ. ಆದರೆ ನೋಡಬಹುದಾಗಿದ್ದುದನ್ನು ನೋಡದೆ ಕೈಯೆತ್ತುವುದು ಪ್ರಮಾದ. ತಪ್ಪದ ಹಿಂಸೆಯ ಹೆಸರಿನಲ್ಲಿ ಅದು ಮರೆಯಾಗಲಾರದು. ಕುಡಿಯುವ ನೀರಿಗೆ ಬಟ್ಟೆ ಕಟ್ಟುವ ಮನೆಯಲ್ಲಿ ಗಿಡದ ಎಲೆಗೆ ಆ ಎಚ್ಚರ ದೊರೆಯಲಿಲ್ಲವಲ್ಲ ಎಂಬುದೇ ಅವರನ್ನು ಬಾಧಿಸಿತು.

ಮರುದಿನದಿಂದ ವಿಷ ನಿಂತಿತು. ಪೂರ್ತಿ ಮುರುಟಿದ ಕುಡಿಗಳನ್ನು ಮಾತ್ರ, ಗುಲಗಂಜಿ ಮರಿಗಳಿಲ್ಲವೆಂದು ನೋಡಿಕೊಂಡು ಕತ್ತರಿಸಿದರು. ಅವನ್ನು ಸುಡುವುದು ರೂಢಿ. ಅವರ ಮನಸ್ಸು ಒಪ್ಪದೆ ದೂರದ ಪಾಳುನೆಲದಲ್ಲಿ ಇಟ್ಟು ಬಂದರು. ಗೋಡೆಗೂ ನೆಲಕ್ಕೂ ತಗುಲುತ್ತಿದ್ದ ಕೊಂಬೆಗಳನ್ನು ಸವರಿ ಇರುವೆಗಳ ದಾರಿಯನ್ನು ಕಡಿಮೆ ಮಾಡಿದರು. ಎಳೆಚಿಗುರನ್ನು ಹೆಚ್ಚಿಸಿ ತಿಗಣೆಗೆ ಔತಣವೀಯುವ ಯೂರಿಯಾವನ್ನು ಬಿಟ್ಟರು. ಉಳಿದ ಬಿಳುಪನ್ನು ಬರಿಯ ನೀರಿನಿಂದ ತೊಳೆದರು. ಅದರಲ್ಲಿಯೂ ಜೀವಹಾನಿಯಿದೆಯೆಂದು ಅವರಿಗೆ ಗೊತ್ತಿತ್ತು; ಆ ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನೂ, ಹಿಂದಿನ ಎರಡು ಸಿಂಪರಣೆಗಳನ್ನೂ ನೆನೆದು ಕ್ಷಮೆ ಬೇಡಿದರು.

ಮಳೆಗಾಲದ ಹೊತ್ತಿಗೆ ಗಿಡ ಚೇತರಿಸಿತು. ಎರಡು ಗಿಡಗಳು ಉಳಿಯಲಿಲ್ಲ. ಆ ತೆರವುಗಳಲ್ಲಿ ಅವರು ಹೊಸ ಗಿಡ ನೆಡದೆ ಹಾಗೆಯೇ ಬಿಟ್ಟಿದ್ದಾರೆ. ಭೂತಗನ್ನಡಿ ಈಗ ನೀರು ಸೋಸುವ ಬಟ್ಟೆಯ ಪಕ್ಕದಲ್ಲೇ ಇರುತ್ತದೆ.