ಹಿಂದಿನ ಸೀಟಿನ ಅಳತೆ

ಪುಣೆಯಲ್ಲಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಹಳೆಯ ಮಾಲೀಕ ಕಾಯಿಲೋವರ್ ಹಾಕಿಸಿ ಬಹಳ ಕೆಳಗಿಳಿಸಿದ್ದ. ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂತಿರುವ ಜೋಡಿ ಅದು. ಥ್ರೆಡ್ಡಿನ ಮೇಲಿನ ರಿಂಗ್ ತಿರುಗಿಸಿ ಕಾರನ್ನು ಏರಿಸಬಹುದು, ಇಳಿಸಬಹುದು. ನೋಡಲು ಚೆಂದ. ಕಾತ್ರಜ್‌ನ ಸ್ಪೀಡ್ ಬ್ರೇಕರಿಗೇ ಅವ್ವ, "ಇದರಕಿಂತ ಚಕ್ಕಡಿ ಚಲೋ ಇತ್ತು" ಅಂದಳು. ವರ್ಷಕ್ಕೆರಡು ಸಲ ಧಾರವಾಡದ ಮನೆಯ ಬಾಗಿಲು ತೆಗೆಯಲೇಬೇಕು ಅನ್ನುವವಳು ಅವಳು. 400 ಕಿ.ಮೀ. ದಾರಿ, ಸೊಂಟನೋವು ಬೇರೆ.

"ಡ್ಯಾಂಪಿಂಗ್ ಮೆತ್ತಗೆ ಮಾಡಿಬಿಡಿ" ಎಂದರು ಗೆಳೆಯರು. ಪೂರ್ತಿ ಮೆತ್ತಗಾದರೆ ಗುಂಡಿ ದಾಟಿದ ಮೇಲೂ ಕಾರು ತೊಟ್ಟಿಲಿನಂತೆ ತೂಗುತ್ತದೆ. ನಿಜವಾದ ತೊಂದರೆ ಬೇರೆಯೇ ಇತ್ತು. ಅಷ್ಟು ಇಳಿದ ಕಾರಿನಲ್ಲಿ ಚಕ್ರ ಮೇಲೇಳಲು ಜಾಗವಿರಲಿಲ್ಲ. ಗುಂಡಿ ಸಿಕ್ಕಾಗಲೆಲ್ಲ ಬಂಪ್ ಸ್ಟಾಪಿಗೆ ಬಡಿಯುತ್ತಿತ್ತು. ಆ ಏಟು ನೇರ ಬೆನ್ನಿಗೆ.

ಮೆಕ್ಯಾನಿಕ್ ಮೊದಲು ಎಡ, ಬಲ ಸಮನಾಗಿ ಎತ್ತರ ಏರಿಸಿದರು. ಆಮೇಲೆ ಡ್ಯಾಂಪಿಂಗ್ ನಾಬನ್ನು ಎರಡೆರಡು ಕ್ಲಿಕ್ ಸಡಿಲಿಸುತ್ತ ಹೋದೆವು. ಪ್ರತಿ ಸಲ ಅದೇ ರಸ್ತೆ, ಅದೇ ವೇಗ, ಹಿಂದಿನ ಸೀಟಿನಲ್ಲಿ ಅವ್ವ. ಖಾಲಿ ಕಾರು ಓಡಿಸಿ ನೋಡಿದರೆ ಅವಳ ಸೊಂಟದ ಸುದ್ದಿ ತಿಳಿಯುವುದಿಲ್ಲ. ಆರನೇ ಕ್ಲಿಕ್ಕಿಗೆ ಸುಮ್ಮನಾದಳು. ಎಂಟಕ್ಕೆ, "ತೂಗಾಕತ್ತೈತಿ" ಅಂದಳು. ಆರಕ್ಕೇ ನಿಲ್ಲಿಸಿ, ಎತ್ತರ ಬದಲಾದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು.

ಕಾರೀಗ ಎಲ್ಲರ ಕಾರಿನಂತೆ ಕಾಣುತ್ತದೆ, ಗೆಳೆಯರಿಗೆ ಬೇಸರ. ಸಾತಾರಾ, ಕೊಲ್ಹಾಪುರ ದಾಟಿದ್ದು ಅವ್ವನಿಗೆ ಗೊತ್ತೇ ಆಗಲಿಲ್ಲ. ನಿಪ್ಪಾಣಿಯಲ್ಲಿ ಕನ್ನಡದ ಬೋರ್ಡು ಕಂಡಾಗ ನಾನೇ ಎಬ್ಬಿಸಿದೆ.