ಹೆಂಗೂ ಬೀಳೋ ಹಲ್ಲು

ಲೋಕಿಕೆರೆಯಲ್ಲಿರೋ ನಮ್ಮ ಅಕ್ಕನ ಮಗಳಿಗೆ ನಾಲ್ಕೂವರೆ ವರ್ಷ. ದಸರಾ ರಜೆಗೆ ನಾವಿಬ್ಬರು ಅಣ್ಣತಮ್ಮಂದಿರು ಊರಿಗೆ ಹೋದಾಗ ಅವಳ ದವಡೆ ಹಲ್ಲಲ್ಲಿ ಒಂದು ಕಪ್ಪು ಕುಳಿ ಕಂಡಿತ್ತು. "ಡಾಕ್ಟರಿಗೆ ತೋರಿಸ್ಬೇಕೇನ್ರೋ?" ಅಂತ ಅಕ್ಕ ಕೇಳಿದಳು. ಇಂಜಿನಿಯರಿಂಗ್ ಓದೋರಲ್ವಾ, ನಮಗೆ ಎಲ್ಲಾ ಗೊತ್ತು. "ಹಾಲು ಹಲ್ಲು ಕಣಕ್ಕಾ, ಹೆಂಗೂ ಬೀಳುತ್ತೆ" ಅಂದುಬಿಟ್ವಿ. ಅಜ್ಜಿಯೂ ಅದನ್ನೇ ಅಂದಿದ್ದಳು. ಆದರೆ ಅಕ್ಕ ನಂಬಿದ್ದು ನಮ್ಮನ್ನು.

ಸಂಕ್ರಾಂತಿಗೆ ಹೋದಾಗ ನಡುರಾತ್ರಿ ಮಗು ಎದ್ದು ಅಳೋಕೆ ಶುರು ಮಾಡ್ತು. ಲವಂಗ ಇಟ್ಟರೆ ಉರಿ ಅಂತ ಇನ್ನೂ ಜೋರು ಅಳು. ಬೆಳಗಾಗೋದ್ರೊಳಗೆ ಕೆನ್ನೆ ಬಾತಿತ್ತು. ಮೊದಲ ಬಸ್ಸಿಗೇ ದಾವಣಗೆರೆಗೆ ಕರಕೊಂಡು ಹೋದ್ವಿ. ಎರಡು ಡೆಂಟಲ್ ಕಾಲೇಜು ಇರೋ ಊರದು. ಬೆಣ್ಣೆದೋಸೆಗೆ ಅಂತ ಎಷ್ಟು ಸಲ ಹೋಗಿಲ್ಲ ನಾವು!

ಡಾಕ್ಟರಮ್ಮ ಮೊದಲು ಕೇಳಿದ್ದು ಹಾಲಿನ ಬಾಟಲಿ ಬಗ್ಗೆ. ಮೂರು ವರ್ಷದವರೆಗೂ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗ್ತಿದ್ದಳು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಕ್ಕರೆ ಹಲ್ಲಿಗೇ ಅಂಟಿರುತ್ತೆ, ಬ್ಯಾಕ್ಟೀರಿಯಾ ಅದರಿಂದ ಆಸಿಡ್ ಮಾಡುತ್ತೆ. ಹಾಲು ಹಲ್ಲಿನ ಎನಾಮಲ್ ತೆಳು, ಹಾಗಾಗಿ ಹುಳುಕು ಬೇಗ ನರ ಮುಟ್ಟುತ್ತೆ.

"ಬೀಳೋ ಹಲ್ಲೇ ಅಲ್ವಾ ಮೇಡಂ, ಕಿತ್ತುಬಿಡಿ" ಅಂದ್ವಿ. ಅಲ್ಲೂ ನಮ್ಮ ಬುದ್ಧಿ ಬಿಡಲಿಲ್ಲ. ಆ ದವಡೆ ಹಲ್ಲು ಬೀಳೋದು ಹತ್ತು-ಹನ್ನೆರಡನೇ ವರ್ಷಕ್ಕಂತೆ. ಅಲ್ಲೀವರೆಗೂ ಒಳಗಿರೋ ಹಲ್ಲಿಗೆ ಜಾಗ ಹಿಡಿದಿರಬೇಕು, ಮುಂಚೆ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಳ್ಳುತ್ತೆ. ಸೆಂಟ್ರಿಂಗ್ ಬೇಗ ಬಿಚ್ಚಿದ್ರೆ ಮೋಲ್ಡ್ ಏನಾಗುತ್ತೆ ಅಂತ ಸಿವಿಲ್‌ನೋರಿಗೆ ಹೇಳಬೇಕಾ?

ಬಾವು ಇಳಿದ ಮೇಲೆ ಎರಡು ಸಲ ಕರೆಸಿ, ಒಳಗೆ ಕೊಳೆತದ್ದನ್ನೆಲ್ಲ ತೆಗೆದು, ಔಷಧಿ ತುಂಬಿ, ಸ್ಟೀಲ್ ಕ್ಯಾಪ್ ಹಾಕಿದರು. ಅವಳು ಅತ್ತಿದ್ದಕ್ಕೆ ಲೆಕ್ಕವಿಲ್ಲ. ಮುಂದಿನ ಎರಡು ಹಲ್ಲಲ್ಲಿ ಹುಳುಕು ಇನ್ನೂ ನರದವರೆಗೆ ಇಳಿದಿರಲಿಲ್ಲ. ಅದಕ್ಕೆ ಡ್ರಿಲ್ಲೂ ಇಲ್ಲ, ಸೂಜಿಯೂ ಇಲ್ಲ. ಸಿಲ್ವರ್ ಡೈಅಮೀನ್ ಫ್ಲೋರೈಡ್ ಅಂತ ಒಂದು ದ್ರವ, ಪುಟ್ಟ ಬ್ರಷ್ಷಲ್ಲಿ ಸವರೋದು ಅಷ್ಟೇ. ಬೆಳ್ಳಿ ಬ್ಯಾಕ್ಟೀರಿಯಾನ ಕೊಲ್ಲುತ್ತೆ, ಫ್ಲೋರೈಡ್ ಹಲ್ಲನ್ನ ಗಟ್ಟಿ ಮಾಡುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದೇ ತೊಂದರೆ ಅಂದ್ರೆ ಹುಳುಕಿದ ಜಾಗ ಕಪ್ಪಾಗುತ್ತೆ, ಆ ಹಲ್ಲು ಬೀಳೋವರೆಗೂ ಹಾಗೇ ಇರುತ್ತೆ.

ಅಕ್ಕ ನಮ್ಮ ಮುಖ ನೋಡಿದಳು. ಈ ಸಲ ನಾವು ಬಾಯಿ ಬಿಡಲಿಲ್ಲ. "ಮಗೀಗೆ ನೋವಿಲ್ದಿದ್ರೆ ಸಾಕು, ಹಚ್ರಿ ಮೇಡಂ" ಅಂತ ಅವಳೇ ಅಂದಳು.

ಈಗ ದಿನಾ ರಾತ್ರಿ ಹಾಸ್ಟೆಲ್‌ಗೆ ವಿಡಿಯೋ ಕಾಲ್ ಬರುತ್ತೆ. ಬಟಾಣಿ ಕಾಳಷ್ಟು ಪೇಸ್ಟ್ ಹಾಕಿ ಅಕ್ಕ ಉಜ್ಜುತ್ತಾಳೆ, ನಾವು ಎರಡು ನಿಮಿಷ ಎಣಿಸಬೇಕು. ಮುಗಿದ ಮೇಲೆ ಕಪ್ಪು ಹಲ್ಲು ಬಿಟ್ಟು ನಗ್ತಾ ಕೇಳ್ತಾಳೆ, "ಮಾಮಾ, ನಿಮ್ ಬ್ರಷ್ ಎಲ್ಲಿ?"